ಕೃಷಿ ಪ್ರಶ್ನೋತ್ತರ: ಮೈಲುತುತ್ತ ಮಣ್ಣಲ್ಲೇ ಉಳಿದರೆ?

ಪ್ರಶ್ನೆ: ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆಂದು ಅಡಿಕೆಗೆ ಮೂವತ್ತು ವರ್ಷದಿಂದ ಬೋರ್ಡೋ (ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಸುಣ್ಣ ಬೆರೆಸಿದ ದ್ರಾವಣ) ಹೊಡೆಸುತ್ತಿದ್ದೇವೆ. ಮಣ್ಣು ಆರೋಗ್ಯ ಚೀಟಿಯಲ್ಲಿ ತಾಮ್ರ 38 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 38 ಭಾಗ), ಷರಾ ‘ಸಾಕಷ್ಟು’. ಆದರೆ ಮಧ್ಯೆ ನೆಟ್ಟ ಹೊಸ ಗಿಡಗಳ ಎಳೆ ಎಲೆ ಬಿಳಿಚಿಕೊಂಡಿದೆ. ತಾಮ್ರ ಹೆಚ್ಚಾಯಿತೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಆಗಿರಬಹುದು. ಆ ಚೀಟಿ ನೋಡುವುದು ಕೊರತೆಯನ್ನು ಮಾತ್ರ. 0.2 ಪಿಪಿಎಂ ದಾಟಿದರೆ ಸಾಕು, ಅರ್ಧವಿದ್ದರೂ ಐವತ್ತಿದ್ದರೂ ಅದೇ ಷರಾ.

ಲೆಕ್ಕ ಹಾಕಿ. ಶೇ. 1ರ ದ್ರಾವಣದ 100 ಲೀಟರಿಗೆ ಮೈಲುತುತ್ತ 1 ಕೆಜಿ, ಅದರಲ್ಲಿ ಕಾಲು ಭಾಗ ತಾಮ್ರ. ಎಕರೆಗೆ 600 ಲೀಟರಿನಂತೆ ಎರಡು ಸಲ ಹೊಡೆದರೆ ವರ್ಷಕ್ಕೆ 3 ಕೆಜಿ ತಾಮ್ರ. ಮೇಲಿನ ಅರ್ಧ ಅಡಿ ಮಣ್ಣು ಎಕರೆಗೆ ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ಅಂದರೆ ವರ್ಷಕ್ಕೆ 3 ಪಿಪಿಎಂ ಚಿಲ್ಲರೆ, ಮೂವತ್ತು ವರ್ಷಕ್ಕೆ ನೂರು. ಚೀಟಿಯ 38 ಅದರಲ್ಲಿ ಗಿಡಕ್ಕೆ ಸಿಗುವಂಥ ಭಾಗ ಮಾತ್ರ. ತಾಮ್ರ ಕೊಳೆಯುವ ವಸ್ತುವಲ್ಲ, ಮಳೆಗೆ ಆಳಕ್ಕೂ ಅಷ್ಟಾಗಿ ಇಳಿಯದು. ಬೋರ್ಡೋ ಸಾವಯವಕ್ಕೂ ನಡೆಯುತ್ತದೆ ಎಂಬ ಸಮಾಧಾನವೂ ಬೇಡ: ಐರೋಪ್ಯ ಒಕ್ಕೂಟದ ಮಿತಿ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕೆಜಿ ತಾಮ್ರ, ನಮ್ಮ ಲೆಕ್ಕದ ಅರ್ಧದಷ್ಟು.

ಬಿಳಿಚಿದ ಗಿಡವೊಂದನ್ನು ಕಿತ್ತು ಬೇರು ತೊಳೆದು ನೋಡಿ. ತಾಮ್ರದ ಪೆಟ್ಟಾದರೆ ಕೂದಲಿನಂಥ ಬೇರುಗಳಿಲ್ಲದೆ ಮೊಂಡಾಗಿ, ಕಂದಾಗಿರುತ್ತದೆ. ಮೆತ್ತಗಾಗಿ ನಾರುತ್ತಿದ್ದರೆ ನೀರು ನಿಂತದ್ದು. ಇನ್ನೆರಡು ಗಿಡಕ್ಕೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಬೆರೆಸಿ ಸಿಂಪಡಿಸಿ. ಎಲೆ ಹಸಿರಾಯಿತೆಂದರೆ ಕಬ್ಬಿಣ ಸಿಗುತ್ತಿಲ್ಲ. ಹೆಚ್ಚಿದ ತಾಮ್ರ ಅದನ್ನು ತಡೆಯುತ್ತದೆ.

ಮಣ್ಣು ಇನ್ನೊಮ್ಮೆ ಪರೀಕ್ಷಿಸಿ. ದರಗು (ಒಣ ಎಲೆ) ಸರಿಸಿ, ಹತ್ತು ಹದಿನೈದು ಕಡೆ ಅರ್ಧ ಅಡಿ ಆಳದ ಮಣ್ಣು ತೆಗೆಯಿರಿ. ಮರದ ಬುಡದ್ದು, ಸಾಲಿನ ನಡುವಿನದು ಬೇರೆ ಬೇರೆ ಇರಲಿ. ಹಿತ್ತಾಳೆ ಪಾತ್ರೆ, ಔಷಧಿ ಬಕೆಟ್ಟು ಮುಟ್ಟಿಸಬೇಡಿ. ರಸಸಾರ (ಮಣ್ಣಿನ ಹುಳಿ ಅಳೆಯುವ ಪಿಎಚ್) 5.5ಕ್ಕಿಂತ ಕೆಳಗಿದ್ದರೆ ತಾಮ್ರದ ಕಾಟ ಜೋರು. ಪರೀಕ್ಷೆ ಹೇಳಿದಷ್ಟು ಕೃಷಿ ಸುಣ್ಣ ಹಾಕಿ 6ರ ಆಚೀಚೆಗೆ ತನ್ನಿ, ಅಲ್ಲಿಗೆ ನಿಲ್ಲಿಸಿ. ಸುಣ್ಣ ಅತಿಯಾದರೆ ಕಬ್ಬಿಣ ಮತ್ತಷ್ಟು ಸಿಗದಾಗುತ್ತದೆ. ಮರಕ್ಕೆ 12 ಕೆಜಿ ಕಾಂಪೋಸ್ಟ್ ಕೊಡಿ, ಅದು ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸುಣ್ಣದ ಜೊತೆಗೇ ಯೂರಿಯಾ ಬೇಡ, ಸಾರಜನಕ ಗಾಳಿಗೆ ಹೋಗುತ್ತದೆ.

ಪ್ರಶ್ನೆ: ಹಾಗಾದರೆ ಕೊಳೆ ಔಷಧಿ ನಿಲ್ಲಿಸಬೇಕೇ?
– ಓದುಗರು, ಸಾಗರ

ಉತ್ತರ: ನಿಲ್ಲಿಸಿದರೆ ಫಸಲೇ ಉಳಿಯದು. ಅಡಿಕೆ ಗೊನೆಗೆ ಮಾತ್ರ ತಾಗುವಂತೆ ಹೊಡೆಸಿ, ನೆಲಕ್ಕೆ ಸುರಿಯುವುದು ತಪ್ಪಲಿ. ಮರ ಹತ್ತುವ ಕೊನೆಗಾರರು ಸಿಕ್ಕಿದರೆ ಮಳೆಗೆ ಮೊದಲೇ ಗೊನೆಗೆ ಕೊಟ್ಟೆ (ಮಳೆ ತಾಗದಂತೆ ಹೊದಿಕೆ) ಕಟ್ಟಿಸಿ. ದ್ರಾವಣದಲ್ಲಿ ಹೊಳಪಿನ ಚಾಕು ಅದ್ದಿ ನೋಡಿ. ಕೆಂಪು ಕೂತರೆ ಸುಣ್ಣ ಸಾಲದು. ಉಳಿದ ದ್ರಾವಣ, ಡ್ರಮ್ ತೊಳೆದ ನೀರು ಪ್ರತಿ ವರ್ಷ ಒಂದೇ ಕಡೆ ಚೆಲ್ಲಬೇಡಿ. ಮೋಟರ್ ಪಕ್ಕ ನೆಲ ನೀಲಿಗಟ್ಟಿ ಹುಲ್ಲೂ ಹುಟ್ಟದ ಜಾಗವಿದ್ದರೆ, ಆ ಮಣ್ಣನ್ನು ಮಾದರಿಗೂ ಸೇರಿಸಬೇಡಿ, ಗಿಡದ ಬುಡಕ್ಕೂ ಏರಿಸಬೇಡಿ.