ಬಿಸಿಲಿಗೂ ಮಳೆಗೂ ಒಂದೇ ಮಾಡ್ಯುಲರ್ ಹೆಲ್ಮೆಟ್ ಸಾಕಾ?

ಚಿತ್ರದುರ್ಗದ ಬಿಸಿಲಿಗೂ ಆಗುಂಬೆಯ ಮಳೆಗೂ ಒಂದೇ ಮಾಡ್ಯುಲರ್ ಹೆಲ್ಮೆಟ್ (ಗದ್ದದ ಭಾಗ ಮೇಲೆತ್ತಬಹುದಾದದ್ದು) ಸಾಕಾ ಅಂತ ಕೇಳಿದ್ದೀರಿ. ಸಾಕು, ಆದರೆ ಮೊದಲು ವೈಸರ್, ಅಂದರೆ ಮುಖದ ಮುಂದಿನ ಪಾರದರ್ಶಕ ಪರದೆ, ನೋಡಿ. ಮಳೆಯಲ್ಲಿ ಹೊರಗಿನ ನೀರಿಗಿಂತ ಒಳಗೆ ಕಟ್ಟುವ ಉಸಿರಿನ ಮಂಜೇ ಜಾಸ್ತಿ ಕಾಡುತ್ತದೆ. ವೈಸರ್ ಒಳಬದಿಗೆ ಕೂರಿಸುವ ಪಿನ್‌ಲಾಕ್ ಲೆನ್ಸ್ ಹಾಕಿದರೆ ಎರಡು ಪದರಗಳ ನಡುವೆ ಗಾಳಿ ನಿಲ್ಲುತ್ತದೆ, ಒಳಪದರ ಅಷ್ಟು ತಣ್ಣಗಾಗುವುದಿಲ್ಲ, ಮಂಜು ಕಟ್ಟುವುದು ತುಂಬಾ ಕಡಿಮೆ. ಕಪ್ಪು ವೈಸರ್ ಬೇಡ. ಒಳಗೇ ಇಳಿಸುವ ಸನ್ ವೈಸರ್ ಇದ್ದರೆ ಘಾಟಿಯಲ್ಲಿ ಕತ್ತಲಾದಾಗ ಮೇಲೆತ್ತಬಹುದು.

ಐಎಸ್‌ಐ ಗುರುತು ಹೇಗೂ ಕಡ್ಡಾಯ. ಯುರೋಪಿನ ಹೆಲ್ಮೆಟ್ ಸುರಕ್ಷತಾ ಮಾನದಂಡ ಇಸಿಇ 22.06 ಕೂಡ ಇದ್ದರೆ ಲೇಬಲ್‌ನಲ್ಲಿ ‘ಪಿ/ಜೆ’ ಹುಡುಕಿ. ಗದ್ದದ ಭಾಗ ಮುಚ್ಚಿದಾಗ, ಎತ್ತಿದಾಗ ಎರಡಕ್ಕೂ ಪಾಸಾಗಿದೆ ಎಂದರ್ಥ. ಆದರೂ ಓಡಿಸುವಾಗ ಮುಚ್ಚಿಯೇ ಇಡಿ, ಅಲ್ವಾ?

ಗದ್ದದ ಭಾಗ ಎತ್ತಲಾಗದ ಫುಲ್‌ಫೇಸ್‌ಗಿಂತ ಮಾಡ್ಯುಲರ್‌ನಲ್ಲಿ ತೂಕ, ಗಾಳಿಯ ಸದ್ದು ಸ್ವಲ್ಪ ಜಾಸ್ತಿ. ಅಂಗಡಿಯಲ್ಲೇ ಹತ್ತು ನಿಮಿಷ ಹಾಕಿಕೊಂಡಿರಿ. ಹಣೆ ನೋವಾದರೆ ಬೇರೆ ನೋಡಿ.