ಧೂಳೆಂದು ನೀರಿನ ಹನಿಯನ್ನೇ ಅಳಿಸಬೇಡಿ

ಪ್ರಶ್ನೆ: ನಮ್ಮದು ಕಾರ್ಕಳದ ಹತ್ತಿರ. ದೊಡ್ಡಪ್ಪ 1970ರ ದಶಕದಲ್ಲಿ ಸೂಪರ್ 8 ಕ್ಯಾಮೆರಾದಲ್ಲಿ ಕಂಬಳ ಶೂಟ್ ಮಾಡಿದ್ದರು. ಅಟ್ಟದಲ್ಲಿ 11 ರೀಲ್ ಸಿಕ್ಕಿವೆ. ಶಬ್ದ ಇಲ್ಲ. ಎರಡು ರೀಲ್‌ಗಳಿಂದ ಹುಳಿ ವಾಸನೆ ಬರುತ್ತಿದೆ. ಇವನ್ನಿಟ್ಟುಕೊಂಡು ಒಂದು ಸಾಕ್ಷ್ಯಚಿತ್ರ ಮಾಡುವ ಆಸೆ. ಸಾಫ್ಟ್‌ವೇರ್‌ನಲ್ಲಿ ಕ್ಲೀನ್ ಮಾಡಿದರೆ ಹೊಸದರಂತೆ ಆಗುತ್ತದೆ ಅಂತಾರೆ. ನಿಜವೇ?

ಉತ್ತರ: ಎಂಥ ಒಳ್ಳೆಯ ನಿಧಿ ಸಿಕ್ಕಿದೆ ನಿಮಗೆ! 50 ಅಡಿಯ ಒಂದು ರೀಲ್ 3 ನಿಮಿಷ 20 ಸೆಕೆಂಡ್ ಓಡುತ್ತದೆ. ಎಲ್ಲವೂ ಆ ಅಳತೆಯದಾದರೆ ಅರ್ಧ ಗಂಟೆಗೂ ಜಾಸ್ತಿ ಕಂಬಳ ನಿಮ್ಮ ಕೈಯಲ್ಲಿದೆ.

ಮೊದಲು ಆ ಎರಡು ಹುಳಿ ರೀಲ್‌ಗಳನ್ನು ಬೇರೆ ಇಡಿ. ಫಿಲ್ಮಿನ ಅಸಿಟೇಟ್ ಪಟ್ಟಿ ಕೆಡುತ್ತಾ ವಿನೆಗರ್‌ನಂಥ ಆಮ್ಲ ಬಿಡುತ್ತದೆ. ಪಕ್ಕದ ರೀಲ್‌ಗೂ ಅದು ಹರಡುತ್ತದೆ. ಕರಾವಳಿಯ ಸೆಕೆ, ತೇವ ಎರಡೂ ಇದಕ್ಕೆ ಇಂಬು ಕೊಡುತ್ತವೆ. ಕೆಟ್ಟ ಫಿಲ್ಮ್ ಕುಗ್ಗಿರುತ್ತದೆ, ಹಳೆಯ ಪ್ರೊಜೆಕ್ಟರ್‌ಗೆ ಹಾಕಿದರೆ ಅಂಚಿನ ತೂತುಗಳು ಹರಿಯುತ್ತವೆ. ಸುಮ್ನೆ ಒಮ್ಮೆ ನೋಡೋಣ ಅಂತಲೂ ಹಾಕಬೇಡಿ. ನೀರಿನಲ್ಲಿ ಒರೆಸಲೂಬೇಡಿ. ಹಲ್ಲಿನ ಗಾಲಿ ಇಲ್ಲದ ಸ್ಕ್ಯಾನರ್ ಇರುವ ಕಡೆ ಕೊಡಿ, ಹುಳಿ ರೀಲ್‌ಗಳ ಸ್ಕ್ಯಾನ್ ಮೊದಲು ಆಗಲಿ. ಗೋಡೆಯ ಮೇಲೆ ಬಿಟ್ಟ ಚಿತ್ರವನ್ನು ಮತ್ತೆ ವಿಡಿಯೊ ಮಾಡಿಕೊಡುವವರೂ ಇದ್ದಾರೆ. ಅದು ಬೇಡ. ಒಂದೊಂದು ಫ್ರೇಮ್ ಒಂದೊಂದು ಚಿತ್ರವಾಗಿ ಬರಬೇಕು.

ಈಗ ಕ್ಲೀನಿಂಗ್ ವಿಷಯ. ಇಲ್ಲಿ ಬಹಳ ಎಚ್ಚರ ಬೇಕು. ಧೂಳು ತೆಗೆಯುವ ಸಾಫ್ಟ್‌ವೇರ್ ಹಿಂದಿನ ಫ್ರೇಮ್, ಮುಂದಿನ ಫ್ರೇಮ್ ಎರಡನ್ನೂ ನೋಡುತ್ತದೆ. ಒಂದೇ ಫ್ರೇಮಿನಲ್ಲಿ ಕಂಡು ಮಾಯವಾದ ಚುಕ್ಕೆಯನ್ನು ಧೂಳೆಂದು ಅಳಿಸುತ್ತದೆ. ಆಟದಲ್ಲಿ ವೇಗವಾಗಿ ಹೋಗುವ ಚೆಂಡೂ ಹಾಗೇ ಕಾಣುತ್ತದೆ, ಅಲ್ವಾ? ನಾನೇ ಒಂದು ಹಾಕಿ ರೀಲಿನಲ್ಲಿ ಈ ತಪ್ಪು ಮಾಡಿದ್ದೆ. ಆಟಗಾರರು ಸ್ಟಿಕ್ ಬೀಸುತ್ತಿದ್ದರು, ಚೆಂಡೇ ಇರಲಿಲ್ಲ! ಆಮೇಲೆ ಎಲ್ಲವನ್ನೂ ಮೊದಲಿಂದ ಮಾಡಬೇಕಾಯಿತು.

ಕಂಬಳದಲ್ಲಿ ಚೆಂಡಿನ ಜಾಗದಲ್ಲಿ ನೀರಿದೆ. ಕನೆ ಹಲಗೆ ಓಟದಲ್ಲಿ ಕೋಣಗಳು ಎಳೆಯುವ ಹಲಗೆಯ ಮೇಲೆ ಓಡಿಸುವವನು ನಿಂತಿರುತ್ತಾನೆ; ಆ ಹಲಗೆಯ ತೂತಿನಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆ ಮುಟ್ಟಿತೇ ಎಂಬುದೇ ತೀರ್ಪು. ಆ ಹನಿಗಳು ಅಳಿಸಿಹೋದರೆ ಸ್ಪರ್ಧೆಯೇ ಅಳಿಸಿಹೋದಂತೆ. ಅದಕ್ಕೇ ಓಟ ಇರುವ ಕಡೆಯೆಲ್ಲ ಆಟೋಮ್ಯಾಟಿಕ್ ಆಫ್ ಮಾಡಿ, ಕೈಯಿಂದಲೇ ಚುಕ್ಕೆ ತೆಗೆಯಿರಿ. ನಿಧಾನದ ಕೆಲಸ, ಆದರೆ ಬೇರೆ ದಾರಿ ನನಗೆ ಕಂಡಿಲ್ಲ. ಒಂದೆರಡು ಗೀರು ಉಳಿದರೂ ಪರವಾಗಿಲ್ಲ. ಜನ ನಿಂತು ನೋಡುವ ದೃಶ್ಯಗಳಿಗೆ ಸಾಫ್ಟ್‌ವೇರ್ ಧಾರಾಳವಾಗಿ ಬಳಸಿ.

ಇನ್ನು ವೇಗ. ಶಬ್ದವಿಲ್ಲದ ಸೂಪರ್ 8 ಸಾಮಾನ್ಯವಾಗಿ ಸೆಕೆಂಡಿಗೆ 18 ಫ್ರೇಮ್. ಅದನ್ನು 25ರಲ್ಲಿ ಓಡಿಸಿದರೆ ಕೋಣಗಳು ಸುಮಾರು 1.4 ಪಟ್ಟು ಜೋರಾಗಿ ಓಡುತ್ತವೆ. 2020ರಲ್ಲಿ ಐಕಳದ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ 100 ಮೀಟರಿಗೆ ಎಷ್ಟಾಯಿತೆಂದು ದೇಶವೇ ಲೆಕ್ಕ ಹಾಕಿತ್ತು. ಅದೇ ಓಟ ಈ ತಪ್ಪು ವೇಗದಲ್ಲಿ 10 ಸೆಕೆಂಡಿನೊಳಗೆ ಮುಗಿದಂತೆ ಕಂಡೀತು! ಅನುಮಾನ ಬಂದರೆ ಬೀಳುವ ನೀರನ್ನೇ ನೋಡಿ. ತುದಿ ಮುಟ್ಟಿದ ನೀರು 1 ಮೀಟರ್ ಕೆಳಗೆ ಬೀಳಲು ಸುಮಾರು 0.45 ಸೆಕೆಂಡ್ ಬೇಕು. ಅಂದರೆ 18ರ ಫಿಲ್ಮಿನಲ್ಲಿ 8 ಫ್ರೇಮ್, 24ರದ್ದರಲ್ಲಿ 11. ಎಡಿಟಿಂಗನ್ನು 24ರಲ್ಲಿ ಇಟ್ಟುಕೊಂಡರೆ ಪ್ರತಿ ಮೂರು ಫ್ರೇಮಿಗೆ ಒಂದನ್ನು ಎರಡು ಸಲ ತೋರಿಸಿದರೆ ಸಾಕು. ನಡುವಿನ ಫ್ರೇಮ್‌ಗಳನ್ನು ಎಐ ಕೈಲಿ ಹುಟ್ಟಿಸಬೇಡಿ, ಕೋಣಗಳ ಕಾಲು ಕಲಸಿಹೋಗುತ್ತವೆ.

ಫಿಲ್ಮ್ ತಿರುವಿ ಸ್ಕ್ಯಾನ್ ಆಗಿದ್ದರೆ ಎಡ ಬಲವಾಗುತ್ತದೆ. ಜೋಡುಕರೆಯಲ್ಲಿ, ಅಂದರೆ ಪಕ್ಕಪಕ್ಕದ ಎರಡು ಕೆಸರಿನ ಓಟದ ಹಾದಿಗಳಲ್ಲಿ, ಆಗ ಎಡದ ಕರೆ ಗೆದ್ದದ್ದು ಬಲದ ಕರೆ ಗೆದ್ದಂತೆ! ಬ್ಯಾನರಿನ ಅಕ್ಷರ ನೋಡಿ ಖಚಿತ ಮಾಡಿಕೊಳ್ಳಿ. ಶಬ್ದಕ್ಕೆ ಈಗಿನ ಕಂಬಳದಲ್ಲಿ ರೆಕಾರ್ಡ್ ಮಾಡಿ ಸೇರಿಸಬಹುದು, ಹಾಗೆಂದು ತೆರೆಯ ಮೇಲೆ ಹೇಳಿಬಿಡಿ.

ಕತ್ತರಿ ಹಾಕುವ ಮೊದಲು ಇನ್ನೊಂದು ಕೆಲಸ. ಸ್ಕ್ಯಾನ್ ಆದ ಕೂಡಲೇ, ಗೀರು ಧೂಳು ಇದ್ದ ಹಾಗೇ, ಊರಿನ ಹಿರಿಯರನ್ನು ಕೂರಿಸಿ ತೋರಿಸಿ. ಪಕ್ಕದಲ್ಲಿ ಫೋನ್ ರೆಕಾರ್ಡಿಂಗ್ ಆನ್ ಇರಲಿ. ಯಾವ ವರ್ಷ, ಯಾವ ಊರು, ಯಾರ ಮನೆಯ ಕೋಣ ಎಂದು ಅವರು ಹೇಳುತ್ತಾ ಹೋಗುತ್ತಾರೆ.