ಮನೆ ಡಾಕ್ಟರ ಮೇಲೆ ಕೇಸ್ ಹಾಕಬಹುದಾ ಅಂತ ಕೇಳಿದವರಿಗೆ

ಅಮ್ಮನ ಕೆಮ್ಮಿಗೆ ಆರು ತಿಂಗಳು ಸಿರಪ್ಪು ಕೊಟ್ಕೊಂಡೇ ಕೂತ್ರು, ಬೇರೆ ಕಡೆ ತೋರಿಸಿದ್ರೆ ಟಿಬಿ ಅಂದ್ರು, ಇಪ್ಪತ್ತು ವರ್ಷದ ಮನೆ ಡಾಕ್ಟರು, ಮೊದಲು ಕೂತು ಮಾತಾಡೋದಾ ಇಲ್ಲ ಕೇಸ್ ಹಾಕೋದಾ ಅಂತ ಕೇಳಿದೀರ. ಮಾತಾಡೋಕೆ ಹೋಗ್ಬೇಡಿ. ನಾನು ಹೋಗಿದ್ದೆ.

ನಮ್ಮಪ್ಪ ರಿಟೈರ್ಡ್ ಮೇಷ್ಟ್ರು, ತಿಪಟೂರು ಕಡೆ. ನಮ್ಮ ಡಾಕ್ಟ್ರ ಮಕ್ಕಳಿಬ್ಬರೂ ಅಪ್ಪನ ಹತ್ರನೇ ಲೆಕ್ಕ ಕಲಿತವರು, ಅದಕ್ಕೇ ಅವರು ನಮ್ಮನೆಯೋರ ಹತ್ರ ಫೀಸ್ ತಗೋತಿರ್ಲಿಲ್ಲ. ಅಪ್ಪ ಬಿಟ್ಟಿ ತೋರಿಸ್ಕೊಳ್ಳೋ ಆಸಾಮಿ ಅಲ್ಲ, ಆಗಾಗ ಎಳನೀರು, ಕೊಬ್ಬರಿ ಅಂತ ಅವರ ಮನೆಗೆ ಕಳಿಸೋರು. 2018ರ ಸಂಕ್ರಾಂತಿ ಆದ್ಮೇಲೆ ಅಪ್ಪನಿಗೆ ಕಕ್ಕಸಿಗೆ ಹೋದಾಗ ರಕ್ತ ಬೀಳೋಕೆ ಶುರುವಾಯ್ತು. ಡಾಕ್ಟ್ರು ಪೈಲ್ಸ್ ಅಂದ್ರು, ಖಾರ ಬಿಡಿ, ಮಜ್ಜಿಗೆ ಕುಡೀರಿ ಅಂದ್ರು, ಮುಲಾಮು ಬರ್ಕೊಟ್ರು. ಹತ್ತು ತಿಂಗಳಲ್ಲಿ ಏಳು ಸಲ ಹೋಗಿದಾರೆ ಅಪ್ಪ. ಸುಸ್ತು ಅಂದ್ರೆ ಐರನ್ ಮಾತ್ರೆ, ತೂಕ ಇಳೀತಿದೆ ಅಂದ್ರೆ ವಯಸ್ಸಾಯ್ತಲ್ಲ ಮೇಷ್ಟ್ರೇ ಅಂತ ನಗು. ಬೇರೆ ಕಡೆ ತೋರಿಸೋಣ ಬಾಪ್ಪ ಅಂದ್ರೆ "ಅವರಿಗೆ ಬೇಜಾರಾಗುತ್ತೆ ಕಣೋ, ಫೀಸೇ ತಗೊಳ್ಳಲ್ಲ" ಅನ್ನೋರು. ಆ ಬಿಟ್ಟಿ ಫೀಸಿಗೆ ನಾವು ಕೊಟ್ಟ ಬೆಲೆ ಅದು, ಇವತ್ತಿಗೂ ಹೊಟ್ಟೆ ಉರಿಯುತ್ತೆ.

ನವೆಂಬರಲ್ಲಿ ಅಕ್ಕ ಬಲವಂತವಾಗಿ ಬೆಂಗಳೂರಿಗೆ ಕರ್ಕೊಂಡ್ ಹೋದ್ಲು. ಅಲ್ಲಿನ ಡಾಕ್ಟ್ರು ಗ್ಲೌಸ್ ಹಾಕ್ಕೊಂಡು ಬೆರಳಲ್ಲಿ ಪರೀಕ್ಷೆ ಮಾಡಿದ್ರು, ಎರಡು ನಿಮಿಷ ಆಗಿಲ್ಲ, ಅಪ್ಪನ್ನ ಹೊರಗೆ ಕೂರಿಸಿ ನಮ್ಮನ್ನ ಒಳಗೆ ಕರೆದ್ರು. ಗಡ್ಡೆ ಕೈಗೇ ಸಿಗ್ತಿದೆ ಅಂದ್ರು. ಆಮೇಲೆ ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡೋ ಕೊಲೊನೋಸ್ಕೋಪಿ, ಬಯಾಪ್ಸಿ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಅಷ್ಟೊತ್ತಿಗೆ ಕ್ಯಾನ್ಸರ್ ಲಿವರಿಗೆ ಹೋಗಿತ್ತು. 2019 ಜೂನಲ್ಲಿ ಹೋಗ್ಬಿಟ್ರು.

ಈಗ ನನ್ನ ತಪ್ಪಿಗೆ ಬರ್ತೀನಿ. ತಿಥಿ ಎಲ್ಲಾ ಮುಗಿದ ಮೇಲೆ ಒಂದು ಬೆಳಿಗ್ಗೆ ಅಪ್ಪನ ಫೈಲ್ ಎತ್ಕೊಂಡು ಆ ಕ್ಲಿನಿಕ್ಕಿಗೆ ಹೋದೆ. ಫೈಲ್ ಅಂದ್ರೆ ಹಳೇ ಪ್ಲಾಸ್ಟಿಕ್ ಕವರು, ಅದರಲ್ಲಿ ಏಳು ಚೀಟಿ, ಅಪ್ಪನಿಗೆ ಎಲ್ಲಾ ತಾರೀಕು ಪ್ರಕಾರ ಜೋಡಿಸಿಡೋ ಚಾಳಿ. ಹೊರಗೆ ಪೇಷಂಟುಗಳು ಕೂತಿದ್ರು, ಕಾಂಪೌಂಡರ್ ತಡೆದ, ನಾನು ನುಗ್ಗಿದೆ. "ಇದೇ ಏನ್ ಸಾರ್ ನೀವು ನಮ್ಮಪ್ಪನಿಗೆ ಕೊಟ್ಟ ಟ್ರೀಟ್‌ಮೆಂಟು" ಅಂತ ಕವರನ್ನ ಅವರ ಟೇಬಲ್ ಮೇಲೆ ಎಸೆದು ಬಂದ್ಬಿಟ್ಟೆ. ಎಸೆದು, ಬಂದೆ. ವಾಪಸ್ ತಗೊಂಡು ಬರ್ಲಿಲ್ಲ. ಅವತ್ತು ಏನೋ ದೊಡ್ಡ ಸಾಧನೆ ಮಾಡ್ದಂಗೆ ಅನ್ನಿಸಿತ್ತು, ಬಸ್ ಸ್ಟ್ಯಾಂಡ್ ಹತ್ರ ಕಾಫಿ ಬೇರೆ ಕುಡಿದೆ. ಕ್ಲಿನಿಕ್ ಇರೋ ಬಿಲ್ಡಿಂಗಲ್ಲೇ ಕೆಳಗೆ ಜೆರಾಕ್ಸ್ ಅಂಗಡಿ ಇತ್ತು ಸಾರ್, ಅದರ ಮುಂದೇನೇ ಮೆಟ್ಟಿಲು ಹತ್ತಿದ್ದು, ಏಳು ಹಾಳೆಗೆ ಎಷ್ಟಾಗ್ತಿತ್ತು? ಜೇಬಲ್ಲಿ ಫೋನ್ ಇತ್ತು, ಏಳು ಫೋಟೋ ತೆಗೆಯೋಕೆ ಅರ್ಧ ನಿಮಿಷ. ಯಾಕೆ ತೆಗೀಲಿಲ್ಲ ಅಂದ್ರೆ ನನ್ನ ಲೆಕ್ಕದಲ್ಲಿ ಆ ಚೀಟಿಗಳಲ್ಲಿ ಏನೂ ಇರ್ಲಿಲ್ಲ, ಬರೀ ತಾರೀಕು, ಕೆಳಗೆ ಮಾತ್ರೆ ಹೆಸರು, ಮುಲಾಮು ಹೆಸರು. ಕಿದ್ವಾಯಿ ರಿಪೋರ್ಟು, ಸ್ಕ್ಯಾನು, ಅವೇ ದಾಖಲೆ ಅಂದ್ಕೊಂಡು ಅವನ್ನ ಮಾತ್ರ ಬೀರುವಲ್ಲಿ ಭದ್ರವಾಗಿ ಇಟ್ಟಿದ್ದೆ.

2021ರಲ್ಲಿ ತುಮಕೂರಿನ ಲಾಯರ್ ಹತ್ರ ಹೋದಾಗ ಅವರು ಆ ರಿಪೋರ್ಟುಗಳನ್ನ ಪಕ್ಕಕ್ಕೆ ಸರಿಸಿದ್ರು. ಕ್ಯಾನ್ಸರ್ ಇತ್ತು ಅಂತ ಯಾರೂ ಇಲ್ಲ ಅಂತಿಲ್ಲ, ಹತ್ತು ತಿಂಗಳು ಪರೀಕ್ಷೆ ಮಾಡ್ಲಿಲ್ಲ ಅನ್ನೋದು ಎಲ್ಲಿದೆ ತೋರಿಸಿ ಅಂದ್ರು. ನಾನು ಚೀಟಿ ಕಥೆ ಹೇಳಿದೆ, ಅದರಲ್ಲಿ ಏನೂ ಬರ್ದಿರ್ಲಿಲ್ಲ ಬಿಡಿ ಸಾರ್ ಅಂತ ಬೇರೆ ಸೇರಿಸಿದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ್ರು. ಏಳು ತಾರೀಕು, ಏಳು ಸಲ ರಕ್ತದ ಕಂಪ್ಲೇಂಟು, ಒಂದರಲ್ಲೂ ಪರೀಕ್ಷೆ ಮಾಡಿದ್ದು ಬರ್ದಿಲ್ಲ, ಒಂದರಲ್ಲೂ ಸ್ಕೋಪಿಗೆ ಹೋಗಿ ಅಂತ ಬರ್ದಿಲ್ಲ, ಆ ಖಾಲಿ ಜಾಗನೇ ನಿಮ್ಮ ಕೇಸು ಕಣ್ರೀ ಅಂದ್ರು. ಆ ಖಾಲಿ ಜಾಗನ ನಾನೇ ನನ್ನ ಕೈಯಾರೆ ಆಪೋಸಿಟ್ ಪಾರ್ಟಿಗೆ ಕೊಟ್ಟು ಬಂದಿದ್ದೆ. ಮೆಡಿಕಲ್ ಸ್ಟೋರಲ್ಲಿ ನಾವು ಯಾವತ್ತೂ ಬಿಲ್ ಕೇಳಿದೋರಲ್ಲ, ಅದೂ ಇಲ್ಲ.

ಇಂಥ ಕೇಸು ಹಾಕೋದು ಗ್ರಾಹಕರ ಆಯೋಗದಲ್ಲಿ, ಫೀಸೇ ಕೊಟ್ಟಿಲ್ವಲ್ಲ, ಗ್ರಾಹಕ ಹೆಂಗಾಗ್ತೀವಿ ಅಂತ ನನಗೇ ಅನುಮಾನ ಇತ್ತು. ಅದು ತೊಂದರೆ ಇಲ್ಲ ಅಂದ್ರು, 1995ರಲ್ಲೇ ವಿ.ಪಿ. ಶಾಂತಾ ಕೇಸಲ್ಲಿ ಡಾಕ್ಟರುಗಳು ಗ್ರಾಹಕ ಕಾನೂನಿನೊಳಗೆ ಬರ್ತಾರೆ ಅಂತ ಸುಪ್ರೀಂ ಕೋರ್ಟ್ ಹೇಳಿದೆ, ಎಲ್ಲರಿಗೂ ಬಿಟ್ಟಿ ನೋಡೋರಿಗೆ ಮಾತ್ರ ವಿನಾಯ್ತಿ, ಕೆಲವರ ಹತ್ರ ದುಡ್ಡು ತಗೊಂಡು ಕೆಲವರನ್ನ ಬಿಟ್ಟಿ ನೋಡಿದ್ರೆ ಬಿಟ್ಟಿ ನೋಡಿಸ್ಕೊಂಡೋರೂ ಕೇಳಬಹುದಂತೆ. ಟೈಮೂ ಸಮಸ್ಯೆ ಆಗ್ಲಿಲ್ಲ, ಎರಡು ವರ್ಷದೊಳಗೆ ಹಾಕ್ಬೇಕು ಅಂತ ಇದ್ರೂ ಕೋವಿಡ್ ದಿನಗಳನ್ನ ಸುಪ್ರೀಂ ಕೋರ್ಟ್ ಲೆಕ್ಕದಿಂದ ಬಿಟ್ಟಿತ್ತು. ನಿಮಗೆ ಆ ಕೋವಿಡ್ ರಿಯಾಯ್ತಿ ಇಲ್ಲ, ಎರಡು ವರ್ಷ ಅಂದ್ರೆ ಎರಡೇ ವರ್ಷ. ಎಲ್ಲಾ ಇತ್ತು ನಂಗೆ, ಆ ಏಳು ಹಾಳೆ ಬಿಟ್ಟು.

ನಿಮ್ಮ ವಿಷಯಕ್ಕೆ ಬಂದ್ರೆ, ಟಿಬಿನ ಕೆಮ್ಮು ಅಂದ್ಕೊಂಡ್ರು ಅನ್ನೋದು ಕೇಸಲ್ಲ. ರೋಗ ತಪ್ಪಾಗಿ ಗುರುತಿಸಿದ ಮಾತ್ರಕ್ಕೆ ನಿರ್ಲಕ್ಷ್ಯ ಆಗಲ್ಲ, ಎಂಥ ಡಾಕ್ಟರಿಗೂ ತಪ್ಪುತ್ತೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಅಂತ ಸರ್ಕಾರಿ ಆಸ್ಪತ್ರೆ ಗೋಡೆ ಮೇಲೆಲ್ಲಾ ಬರ್ದಿರ್ತಾರೆ, ಆರು ತಿಂಗಳಲ್ಲಿ ಒಂದು ಸಲನೂ ಕಫ, ಎಕ್ಸ್‌ರೇ ಬರ್ಕೊಡ್ಲಿಲ್ಲ ಅನ್ನೋದು ಕೇಸು. ಅದಕ್ಕೆ ಚೀಟಿ ಬೇಕು, ಎಲ್ಲಾ ಚೀಟಿ, ಸಿರಪ್ ಬಿಲ್ಲು, ಅಪಾಯಿಂಟ್‌ಮೆಂಟ್ ಮೆಸೇಜು. ಆಸ್ಪತ್ರೆಲಿ ಅಡ್ಮಿಟ್ ಆದವರ ರೆಕಾರ್ಡ್ ಮೂರು ವರ್ಷ ಇಡಬೇಕು, ಕೇಳಿದ 72 ಗಂಟೇಲಿ ಕೊಡಬೇಕು ಅಂತ 2002ರ ವೈದ್ಯಕೀಯ ನಿಯಮ ಇದೆ, ಆದ್ರೆ ಕೆಮ್ಮಿಗೆ ಚೀಟಿ ಬರ್ಕೊಡೋ ಕ್ಲಿನಿಕ್ಕಿನ ಕಥೆ ಬೇರೆ, ಅಲ್ಲಿ ನಿಮ್ಮ ಕೈಲಿ ಇರೋದೇ ರೆಕಾರ್ಡು.

ಪೊಲೀಸ್ ಸ್ಟೇಷನ್ ಮೆಟ್ಟಿಲಂತೂ ಹತ್ಬೇಡಿ. 2005ರಲ್ಲಿ ಜೇಕಬ್ ಮ್ಯಾಥ್ಯೂ ಕೇಸಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಆದ್ಮೇಲೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ತಗೊಳ್ದೆ ಪೊಲೀಸರು ಮುಂದುವರಿಯೋ ಹಾಗಿಲ್ಲ, ನಿಮ್ಮ ವರ್ಷ ಅಲ್ಲೇ ಹೋಗುತ್ತೆ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ ಕೊಟ್ರೆ ಎಚ್ಚರಿಕೆ ಕೊಡಬಹುದು, ರಿಜಿಸ್ಟರಿಂದ ಹೆಸರು ತೆಗೀಬಹುದು, ದುಡ್ಡು ಕೊಡಿಸಲ್ಲ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ, ಕೊಟ್ಟಿರೋ ಫೀಸ್ 5 ಲಕ್ಷದೊಳಗಿದ್ರೆ ಅರ್ಜಿ ಶುಲ್ಕನೇ ಇಲ್ಲ. ಆದ್ರೆ ಅಮ್ಮ ಗುಣ ಆಗ್ತಿದ್ದಾರೆ ಅಂದಿದೀರ, ಟಿಬಿ ಮಾತ್ರೆ ಸರ್ಕಾರದ್ದು ಫ್ರೀ, ದೊಡ್ಡ ಮೊತ್ತದ ಆಸೆ ಇಟ್ಕೋಬೇಡಿ. ನಾನಾಗಿದ್ರೂ ಹಾಕ್ತಿದ್ದೆ, ದುಡ್ಡಿಗಲ್ಲ.

ಇಪ್ಪತ್ತು ವರ್ಷದ ಸಂಬಂಧ ಅಂತೀರಲ್ಲ, ಅದನ್ನೂ ಹೇಳ್ಬಿಡ್ತೀನಿ. "ಮೇಷ್ಟ್ರಿಗೆ ಸ್ಕೋಪಿ ಮಾಡಿಸ್ಕೊಳ್ಳಿ ಅಂತ ಆಗ್ಲೇ ಹೇಳಿದ್ದೆ, ಅವರೇ ಹೋಗ್ಲಿಲ್ಲ" ಅಂತ ಆ ಡಾಕ್ಟ್ರು ಊರಲ್ಲಿ ಹೇಳ್ಕೊಂಡು ಓಡಾಡ್ತಿದಾರೆ ಅಂತ ನಮ್ಮ ಪಕ್ಕದ ಮನೆಯೋರೇ ಬಂದು ಹೇಳಿದ್ರು. ಹೌದಾ ಅಲ್ವಾ ಅಂತ ತೋರಿಸೋ ಕಾಗದ ಈಗ ಅವರ ಹತ್ರ ಇದೆ, ಇಲ್ಲ ಎಂದೋ ಒಲೆಗೆ ಹೋಗಿದೆ.

ನಮ್ಮಮ್ಮ ಈಗ್ಲೂ ಬಿಪಿ ಮಾತ್ರೆಗೆ ಅಲ್ಲಿಗೇ ಹೋಗ್ತಾಳೆ, ಹತ್ತಿರ ಅಂತೆ, ಆಟೋ ಬೇಡ ಅಂತೆ. ಜಗಳ ಆಡಿ ಸಾಕಾಯ್ತು, ಪ್ರತಿ ಸಲ ಚೀಟಿ ಫೋಟೋ ತೆಗೆದು ವಾಟ್ಸಾಪ್ ಮಾಡು ಅಂತ ಮಾತ್ರ ಹೇಳಿದೀನಿ. ಕಳಿಸ್ತಾಳೆ. ಅರ್ಧ ಚೀಟಿ, ಅರ್ಧ ಅವಳ ಹೆಬ್ಬೆರಳು. ಇನ್ನೊಂದ್ ಸಲ ತೆಗಿಯಮ್ಮ ಅಂತೀನಿ.